ವಿಂಡೋಸ್ 7 ಸಿಸ್ಟಮ್, ಬ್ರೌಸರ್ ಅಪ್‌ಡೇಟ್ ನಿಂತಿದೆ: ಎಂತ ಮಾಡುವುದು?

ಜೆರಾಕ್ಸ್_ಉಡುಪಿ:
ಡಿಟಿಪಿ ಅಂಗಡಿಯ ಸಿಸ್ಟಮ್. ಐ3 ಮೂರನೇ ಜನರೇಶನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಕ್ರೋಮ್ 109ರಿಂದ ಮುಂದೆ ಹೋಗುವುದಿಲ್ಲ. ಬ್ಯಾಂಕಿನ ಸೈಟು ಬ್ರೌಸರ್ ಬದಲಿಸಿ ಅಂತದೆ. ಕೆಲವು ದಿನ ಬೆಳಿಗ್ಗೆ ಆನ್ ಮಾಡಿದಾಗ ಯಾವ ಸೈಟೂ ತೆರೆಯುವುದಿಲ್ಲ, ಸರ್ಟಿಫಿಕೇಟ್ ಎರರ್. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆ ಫೈಲು, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಮೂರೂ ಬೇಕೇ ಬೇಕು. ಹೊಸತು ತೆಗೊಳ್ಳದೆ ದಾರಿ ಉಂಟಾ?

ಹಂಪನಕಟ್ಟೆ_ಸರ್ವಿಸ್:
ಬೆಳಗ್ಗಿನ ಎರರ್‌ಗೂ ವಿಂಡೋಸ್ 7ಕ್ಕೂ ಸಂಬಂಧ ಇರಲಿಕ್ಕಿಲ್ಲ. ಮೂಲೆಯ ಗಡಿಯಾರದಲ್ಲಿ ತಾರೀಕು ನೋಡಿ, ಅದು ತಪ್ಪಿದ್ದರೆ ಬ್ರೌಸರ್ ಸೈಟಿನ ಸರ್ಟಿಫಿಕೇಟ್ ಒಪ್ಪುವುದಿಲ್ಲ. ಹಳೆ ವರ್ಷ ತೋರಿಸಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ಹೊಸದು ಹಾಕಿ, ಆನ್ ಮಾಡುವಾಗ ತೆರೆಯುವ ಸೆಟ್ಟಿಂಗ್ಸ್, ಅಂದರೆ ಬಯೋಸ್‌ನಲ್ಲಿ ತಾರೀಕು ಸರಿಮಾಡಿ.

ಬ್ರೌಸರಿನದ್ದು ಬೇರೆ ಸಂಗತಿ. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ವಿಂಡೋಸ್ 7 ಬಿಟ್ಟಿದೆ. ಅದಕ್ಕೆ ಕ್ರೋಮ್‌ನಲ್ಲಿ 109, ಫೈರ್‌ಫಾಕ್ಸ್‌ನಲ್ಲಿ 115 ಇಎಸ್‌ಆರ್ ಕೊನೆ. ವಿಂಡೋಸಿನದ್ದೇ ತೂತು ಮುಚ್ಚದೆ ಉಳಿದಿರುವಾಗ ಅದರಲ್ಲಿ ದಯಮಾಡಿ ಬ್ಯಾಂಕ್ ಕೆಲಸ ಮಾಡಬೇಡಿ. ವಿಂಡೋಸ್ 10 ಹಾಕುವ ಅಂದರೆ ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಕೇಳುವುದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಮತ್ತು ಇಂಟೆಲ್ ಎಂಟನೇ ಜನರೇಶನ್ ಪ್ರೊಸೆಸರ್. ಅಡ್ಡದಾರಿಯಲ್ಲಿ ಹಾಕಲಿಕ್ಕೆ ಬರ್ತದೆ, ಆದರೆ ಮುಂದಿನ ಅಪ್‌ಡೇಟ್‌ಗೆ ಖಾತ್ರಿ ಇಲ್ಲ. ಅಂಗಡಿಯ ಸಿಸ್ಟಮ್‌ಗೆ ಅದು ಬೇಡ.

ಲಿನಕ್ಸ್_ಪಡುಬಿದ್ರಿ:
ವಿಂಡೋಸ್ ಬದಲಿಗೆ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22, ಅದರ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2029ರವರೆಗೆ ಅಪ್‌ಡೇಟ್ ಉಂಟು. 256 ಜಿಬಿ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಬೇಕು. ಇನ್‌ಸ್ಟಾಲ್ ಮಾಡುವಾಗ ಹಳೆ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಳಚಿಡಿ. ಇಲ್ಲದಿದ್ದರೆ ಸಿಸ್ಟಮ್ ಏಳಿಸುವ ಬೂಟ್‌ಲೋಡರ್ ಅದರ ಮೇಲೆ ಕೂತು ಹಳೆ ವಿಂಡೋಸ್ ಏಳದೆ ಹೋಗಬಹುದು.

ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್ ಎಂಬ ಕೀಬೋರ್ಡ್ ಸಾಫ್ಟ್‌ವೇರ್ ಹಾಕಿ 'ಕೆಜಿಪಿ' ಆರಿಸಿ. ನುಡಿಯದ್ದೇ ಕೀಲಿ ಜೋಡಣೆ, ಕೈ ಹೊಸತಾಗಿ ಕಲಿಯಬೇಕಿಲ್ಲ. ನುಡಿ ಫಾಂಟ್ ಇದ್ದರೆ ಮಾತ್ರ ಓದಲಿಕ್ಕೆ ಬರುವ ಹಳೆ ಆಸ್ಕಿ ಫೈಲುಗಳನ್ನು ನುಡಿಯ ಪರಿವರ್ತಕದಲ್ಲಿ ಈಗಲೇ ಯೂನಿಕೋಡ್ ಮಾಡಿ. ಒತ್ತಕ್ಷರ, ಅರ್ಕಾವತ್ತು ತಪ್ಪುವುದುಂಟು, ಮೂಲ ಫೈಲು ಅಳಿಸಬೇಡಿ.

ಜೆರಾಕ್ಸ್_ಉಡುಪಿ:
ಸೆಲ್ಲಿನದ್ದೇ, ತಾರೀಕು 2009 ತೋರಿಸ್ತಿದೆ. ಟ್ಯಾಲಿ, ಪ್ರಿಂಟರ್ ಲಿನಕ್ಸಿನಲ್ಲಿ ಆಗ್ತದಾ?

ಲಿನಕ್ಸ್_ಪಡುಬಿದ್ರಿ:
ಟ್ಯಾಲಿ ನೇರ ಓಡುವುದಿಲ್ಲ. 2900ಕ್ಕೆ ಕ್ಯಾನನ್ನಿನ ಕ್ಯಾಪ್ಟ್ ಡ್ರೈವರ್ ಬೇಕು, ಅದು 32 ಬಿಟ್ ಲೈಬ್ರರಿ ಕೇಳ್ತದೆ, ದೊಡ್ಡ ತಲೆಬಿಸಿ. ಎರಡಕ್ಕೂ ವರ್ಚುವಲ್‌ಬಾಕ್ಸ್ ಸುಲಭ, ಅದು ಲಿನಕ್ಸಿನ ಒಳಗೇ ಇನ್ನೊಂದು ಸಿಸ್ಟಮ್ ಓಡಿಸುವ ಸಾಫ್ಟ್‌ವೇರ್. ಅದರೊಳಗೆ ವಿಂಡೋಸ್ 7 ಹಾಕಿ 2 ಜಿಬಿ ರ‍್ಯಾಮ್ ಕೊಡಿ. ಯುಎಸ್‌ಬಿ ಪಟ್ಟಿಯಲ್ಲಿ ಪ್ರಿಂಟರ್ ಕಾಣದಿದ್ದರೆ ನಿಮ್ಮ ಯೂಸರನ್ನು 'ವಿಬಾಕ್ಸ್‌ಯೂಸರ್ಸ್' ಗುಂಪಿಗೆ ಸೇರಿಸಿ, ಒಮ್ಮೆ ಲಾಗೌಟ್ ಮಾಡಿ. ಲಿನಕ್ಸಿನಲ್ಲಿ ಮಾಡಿದ ಪಿಡಿಎಫ್ ಶೇರ್ಡ್ ಫೋಲ್ಡರ್ ಮೂಲಕ ಒಳಗೆ ಕಳಿಸಿ ಪ್ರಿಂಟ್ ಕೊಡಿ.

ಟ್ಯಾಲಿ ಲೈಸೆನ್ಸ್ ಹಳೆ ಡಿಸ್ಕಿನಲ್ಲಿ ಮೊದಲು ಸರೆಂಡರ್ ಮಾಡಬೇಕು (ಅಲ್ಲಿಂದ ಬಿಡಿಸಬೇಕು), ಆಮೇಲೆ ವರ್ಚುವಲ್‌ಬಾಕ್ಸ್ ಒಳಗೆ ಆ್ಯಕ್ಟಿವೇಟ್. ಒಳಗಿನ ವಿಂಡೋಸ್ 7ಕ್ಕೆ ಅಷ್ಟು ಹೊತ್ತು ಮಾತ್ರ ನೆಟ್ ಕೊಡಿ. ಮುಗಿದ ಕೂಡಲೇ ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಟಿಕ್ ತೆಗೆಯಿರಿ.