ಕ್ವಿಲ್ಟ್ ಬ್ಲಾಕಿನ ಕಮಾನು: ಎರಡು ತುಂಡು ಒಂದಕ್ಕೊಂದು ಕೂರುತ್ತಿಲ್ಲ

ಸೂಜಿದಾರ, ದಾವಣಗೆರೆ:

ಕ್ವಿಲ್ಟಿಗೆ, ಅಂದರೆ ಚೌಕ ಬ್ಲಾಕುಗಳನ್ನು ಜೋಡಿಸಿ ಹೊಲಿಯುವ ಹೊದಿಕೆಗೆ, ಡ್ರಂಕರ್ಡ್ಸ್ ಪಾತ್ ಅನ್ನುವ ಬ್ಲಾಕಿನ ಅಚ್ಚು ಬರೆಯುವ ಸರಿಯಾದ ಕ್ರಮ ಬೇಕಿತ್ತು. ಚೌಕದ ಒಂದು ಮೂಲೆಯಲ್ಲಿ ಕಾಲು ವೃತ್ತ, ಸುತ್ತ ಎಲ್ ಆಕಾರದ ತುಂಡು. ಪೂರ್ತಿ ಜೋಡಿಸಿದ ಮೇಲೆ ಬ್ಲಾಕು 6 ಇಂಚು, ವೃತ್ತದ ತ್ರಿಜ್ಯ 4 ಇಂಚು ಬರಬೇಕು. ಈಗಿನ ಅಚ್ಚಿನಲ್ಲಿ ನೇರ ಅಂಚುಗಳಿಗೆಲ್ಲ ಕಾಲಿಂಚು ಮಾರ್ಜಿನ್ (ಹೊಲಿಗೆಗೆ ಬಿಡುವ ಬಟ್ಟೆ) ಇದೆ. ಕಮಾನಿನಲ್ಲಿ ಮಾತ್ರ 4 ಇಂಚಿನ ಒಂದೇ ಗೆರೆ, ಎರಡೂ ತುಂಡು ಆ ಗೆರೆಯ ಮೇಲೇ ಕತ್ತರಿಸಿದ್ದು. ಹೊಲಿಯುವಾಗ ಎಲ್ ತುಂಡಿನ ಬಟ್ಟೆ ಮುಕ್ಕಾಲು ಇಂಚಿನಷ್ಟು ಮಿಕ್ಕಿ ನೆರಿಗೆ ಬೀಳುತ್ತದೆ. ಪಕ್ಕದ ಬ್ಲಾಕಿಗೆ ಸೇರಿಸುವ ಮುಂಚೆ ಬಿಡಿ ಬ್ಲಾಕು ಮಾರ್ಜಿನ್ ಸೇರಿ ಆರೂವರೆ ಇಂಚು ಇರಬೇಕಾದದ್ದು ಆರೇ ಬರುತ್ತದೆ.

ಬಟ್ಟೆ ಮಂಡಿಪೇಟೆಯ ಸಾದಾ ಕಾಟನ್, 36 ಇಂಚು ಪನ್ನ. ಮಶೀನು ಕಾಲಲ್ಲಿ ತುಳಿಯುವ ಹಳೇ ಉಷಾ. 16 ಬ್ಲಾಕಿಗೆ ಬಟ್ಟೆ ಎಷ್ಟು ತರಬೇಕು ಅಂತಲೂ ತಿಳಿಸಿ.

ಕಾಲಿಂಚು, ಚಿತ್ರದುರ್ಗ:

ನಿಮ್ಮ ಮುಕ್ಕಾಲು ಇಂಚಿನ ಲೆಕ್ಕ ಅಚ್ಚಿನಲ್ಲೇ ಇದೆ. ಎರಡನ್ನೂ 4 ಇಂಚಿನ ಗೆರೆಗೆ ಕತ್ತರಿಸಿ ಕಾಲಿಂಚು ಒಳಗೆ ಹೊಲಿದರೆ, ಕಾಲು ವೃತ್ತದ ಹೊಲಿಗೆ ಗೆರೆ 3.75ರ ತ್ರಿಜ್ಯಕ್ಕೆ ಬೀಳುತ್ತದೆ, ಎಲ್ ತುಂಡಿನದು 4.25ಕ್ಕೆ. ಮೊದಲನೆಯದರ ಉದ್ದ 5.89 ಇಂಚು, ಎರಡನೆಯದು 6.68. ಆ 0.79 ಇಂಚು ಎಲ್ಲಿಗೆ ಹೋಗಬೇಕು? ನೆರಿಗೆಯಾಗುತ್ತದೆ. ಎರಡೂ ಕಡೆ ಕಾಲು ಕಾಲು ಇಂಚು ಹೊಲಿಗೆಗೆ ಹೋಗುವುದರಿಂದ ಬ್ಲಾಕೂ ಅರ್ಧ ಇಂಚು ಕುಗ್ಗುತ್ತದೆ.

ಬಾಗಿದ ಜೋಡಣೆಯಲ್ಲಿ ಒಂದಕ್ಕೊಂದು ಸಮ ಇರಬೇಕಾದದ್ದು ಹೊಲಿಗೆ ಗೆರೆ, ಕತ್ತರಿಸಿದ ಅಂಚಲ್ಲ. ಸರಿಯಾಗಿ ಬರೆದ ಅಚ್ಚಿನಲ್ಲಿ ಅಂಚುಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ಅದನ್ನು ಕಂಡು ಅಚ್ಚು ತಪ್ಪಿದೆ ಅಂದುಕೊಳ್ಳಬೇಡಿ.

ದಪ್ಪ ಕಾಗದದ ಮೇಲೆ 6 ಇಂಚಿನ ಚೌಕ ಬರೆಯಿರಿ. ಅದರ ಒಂದು ಮೂಲೆಯೇ ಕೇಂದ್ರ. ಶಾಲೆ ಕಂಪಾಸಿನ ಕೈವಾರ ಇಷ್ಟಗಲ ತೆರೆದರೆ ಜಾರುತ್ತದೆ, ಬದಲಿಗೆ ಲಗ್ನಪತ್ರಿಕೆಯಿಂದ ಒಂದು ಪಟ್ಟಿ ಕತ್ತರಿಸಿ ಸೂಜಿಯಲ್ಲಿ ನಾಲ್ಕು ತೂತು ಹಾಕಿ: ಸೊನ್ನೆ, ಮೂರೂ ಮುಕ್ಕಾಲು, ನಾಲ್ಕು, ನಾಲ್ಕೂ ಕಾಲು. ಸೊನ್ನೆಯ ತೂತಿಗೆ ಗುಂಡುಪಿನ್ನು, ಉಳಿದವಕ್ಕೆ ಪೆನ್ಸಿಲ್ ಮೊನೆ. ಮೂರು ಕಮಾನೂ ಒಂದೇ ಕೇಂದ್ರದಿಂದ ಬರುತ್ತವೆ. 4ರದು ಹೊಲಿಗೆ ಗೆರೆ. ಕಾಲು ವೃತ್ತವನ್ನು 4.25ಕ್ಕೆ ಕತ್ತರಿಸಬೇಕು, ಎಲ್ ತುಂಡನ್ನು 3.75ಕ್ಕೆ. ಆಮೇಲೆ ಎರಡಕ್ಕೂ ನೇರ ಅಂಚುಗಳ ಹೊರಗೆ ಕಾಲಿಂಚು ಸೇರಿಸಿ. ಹೀಗೆ ಸೇರಿಸಿದ ಮೇಲೆ ಕೇಂದ್ರ ಕಾಗದದ ಮೂಲೆಯಲ್ಲಿರುವುದಿಲ್ಲ, ಎರಡೂ ಕಡೆಯಿಂದ ಕಾಲಿಂಚು ಒಳಗಿರುತ್ತದೆ. ಪಿನ್ನನ್ನು ಹೊಸ ಮೂಲೆಗೆ ಚುಚ್ಚಿದರೆ ಇಡೀ ಲೆಕ್ಕ ಕೆಡುತ್ತದೆ. ಕಮಾನಿನ ನಡುವಿಗೆ, ಅಂದರೆ 45 ಡಿಗ್ರಿಗೆ, ಎರಡೂ ಅಚ್ಚಿನಲ್ಲಿ ಗುರುತು ಹಾಕಿ.

ಅಚ್ಚನ್ನು ಹಳೇ ಎಕ್ಸ್‌ರೇ ಹಾಳೆಗೆ ಇಳಿಸಿಕೊಂಡರೆ ಬಹಳ ಕಾಲ ಬರುತ್ತದೆ. ಹಿಂದೆ ಸಣ್ಣ ಮರಳು ಕಾಗದದ ಚೂರು ಅಂಟಿಸಿ, ಬಟ್ಟೆಯ ಮೇಲೆ ಜಾರುವುದಿಲ್ಲ.

ಬಟ್ಟೆ: ಕಾಲು ವೃತ್ತ ನಾಲ್ಕೂವರೆ ಇಂಚಿನ ಚೌಕದಲ್ಲಿ ಬರುತ್ತದೆ. ಅಂಚುಪಟ್ಟಿ ತೆಗೆದರೆ ನಿಮ್ಮ ಪನ್ನದಲ್ಲಿ ಸಾಲಿಗೆ 7, ಆದ್ದರಿಂದ 3 ಸಾಲು, ಹದಿಮೂರೂವರೆ ಇಂಚು. ಎಲ್ ತುಂಡಿಗೆ ಆರೂವರೆ ಚೌಕ, ಸಾಲಿಗೆ 5, 4 ಸಾಲಿಗೆ 26 ಇಂಚು. ತೊಳೆದಾಗ ಕುಗ್ಗುವುದನ್ನೂ ಸೇರಿಸಿ ಕಾಲು ವೃತ್ತದ ಬಣ್ಣ 45 ಸೆಂಟಿಮೀಟರ್, ಎಲ್ ತುಂಡಿನದು 75 ತನ್ನಿ. ಎಲ್ ತುಂಡಿನ ಹೊಟ್ಟೆಯಿಂದ ಬಿದ್ದ ಚೂರನ್ನು ಎಸೆಯಬೇಡಿ. ಅದು ಮೂರೂವರೆ ಇಂಚಿನ ತ್ರಿಜ್ಯದ ಬ್ಲಾಕಿಗೆ ಸಿದ್ಧ ಕಾಲು ವೃತ್ತ, ಮಾರ್ಜಿನ್ ಸಮೇತ.

ತೋಳುಗುಣಿ, ದಾವಣಗೆರೆ:

ಅಚ್ಚಿನ ವಿಷಯ ಪೂರ್ತಿ ಬಂದಿದೆ, ಹೊಲಿಗೆ ಬಗ್ಗೆ ಹೇಳುತ್ತೇನೆ. ರವಿಕೆಗೆ ತೋಳು ಕೂರಿಸಿ ಅಭ್ಯಾಸ ಇರುವವರು ಇದನ್ನೂ ಹಾಗೇ ಹೊಲಿಯಲು ಹೋಗುತ್ತಾರೆ. ತೋಳಿನಲ್ಲಿ ಸ್ವಲ್ಪ ಬಟ್ಟೆ ಬೇಕೆಂದೇ ಹೆಚ್ಚಿಟ್ಟು ಅಡಗಿಸುತ್ತೇವೆ. ಇಲ್ಲಿ ಅಡಗಿಸಬೇಕಾದದ್ದು ಏನೂ ಇಲ್ಲ, ಬಾಗಿಸಿದರೆ ಸಾಕು.

ಕತ್ತರಿಸುವ ಮೊದಲೇ ಬಟ್ಟೆ ತೊಳೆದು ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿ. ತೆಳು ಅಂದರೆ ತೆಳುವೇ. ಗಟ್ಟಿ ಗಂಜಿ ಹಾಕಿದರೆ ಎಲ್ ತುಂಡಿನ ಅಂಚು ರಟ್ಟಿನಂತಾಗಿ ಹಿಗ್ಗುವುದೇ ಇಲ್ಲ. ನೇರ ಅಂಚುಗಳು ನೂಲಿನ ಎಳೆಗೆ ಸಮ ಇರಲಿ. ಆಗ ಕಮಾನಿನ ನಡುಭಾಗ ಪೂರಾ ಕ್ರಾಸಿಗೆ, ಅಂದರೆ ಎಳೆಗೆ ಓರೆಯಾಗಿ, ಬರುತ್ತದೆ, ಬಾಗಲು ಆ ಹಿಗ್ಗೇ ಬೇಕು. ಕತ್ತರಿಸಿದ ಮೇಲೆ ಮಾತ್ರ ಆ ಜಾಗವನ್ನು ಕೈಯಲ್ಲಿ ಎಳೆದಾಡಬಾರದು.

ಎಲ್ ತುಂಡಿನ ಹಿಂಬದಿಗೆ ಹೊಲಿಗೆ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಹಳೇ ಮಶೀನಿನ ಪ್ರೆಷರ್ ಫೂಟಿನ (ಬಟ್ಟೆ ಒತ್ತಿ ಹಿಡಿಯುವ ಪಾದದ) ಅಂಚು ಸೂಜಿಯಿಂದ ಕಾಲಿಂಚಿಗೇ ಇರುತ್ತದೆ ಅನ್ನುವಂತಿಲ್ಲ. ಮಶೀನಿಗೆ ಟೇಪು ಅಂಟಿಸಿ ಗುರುತು ಮಾಡುವುದು ನೇರ ಹೊಲಿಗೆಗೆ ಚೆನ್ನ, ಕಮಾನಿನಲ್ಲಿ ಸೂಜಿಗೆ ನೇರ ಎದುರಿನ ಬಿಂದು ಬಿಟ್ಟರೆ ಟೇಪಿನ ಉಳಿದ ಭಾಗ ದಾರಿ ತಪ್ಪಿಸುತ್ತದೆ.

ಉಲ್ಟಾ ಬದಿ ಹೊರಗೆ ಬರುವಂತೆ ನಡುಗುರುತಿಗೆ ನಡುಗುರುತು ಸೇರಿಸಿ ಮೊದಲ ಪಿನ್ನು, ಆಮೇಲೆ ಎರಡು ತುದಿಗೆ, ಆಮೇಲೆ ನಡುನಡುವೆ. ಒಟ್ಟು ಐದರಿಂದ ಏಳು. ತುದಿಯಲ್ಲಿ ಎಲ್ ತುಂಡಿನ ಗಿಡ್ಡ ಅಂಚೂ ಕಾಲು ವೃತ್ತದ ನೇರ ಅಂಚೂ ಒಂದೇ ಗೆರೆಗೆ ಬಂದಿವೆಯಾ ನೋಡಿ, ಬ್ಲಾಕು ಸೊಟ್ಟಗಾಗುವುದು ಹೆಚ್ಚಾಗಿ ಈ ಕೊನೆಯ ಕಾಲಿಂಚಿನಲ್ಲೇ. ಪಿನ್ನು ಬೇಡ ಅನ್ನುವವರು ಕಚ್ಚಾ ಹೊಲಿಗೆ ಹಾಕಿಕೊಳ್ಳಬಹುದು. ಕಲಿಯುವಾಗ ನನಗೆ ಅದೇ ಮೇಲು ಅನಿಸುತ್ತದೆ, ಫೂಟಿನ ಕೆಳಗೆ ಪಿನ್ನು ಬರುವ ಭಯ ಇರುವುದಿಲ್ಲ.

ಎಲ್ ತುಂಡು ಮೇಲಿರಲಿ, ಕಾಲು ವೃತ್ತ ಕೆಳಗೆ ಚಪ್ಪಟೆ ಮಲಗಿರಲಿ. ಮಡಿಕೆ ಬೀಳುವುದು ಎಲ್ ತುಂಡಿನಲ್ಲಿ. ಅದು ಕೆಳಗಿದ್ದರೆ ಕಾಣುವುದಿಲ್ಲ, ಮೇಲಿದ್ದರೆ ಬೆರಳಲ್ಲಿ ಎಡಕ್ಕೆ ಸರಿಸುತ್ತಾ ಹೋಗಬಹುದು. 11ನೇ ನಂಬರ್ ಸೂಜಿ, ಇಂಚಿಗೆ 12 ಹೊಲಿಗೆ. ಹೊಲಿಗೆ ಉದ್ದವಾದರೆ ಕಮಾನು ಮೂಲೆ ಮೂಲೆಯಾಗಿ ಕಾಣುತ್ತದೆ. ಒಂದೊಂದು ಇಂಚಿಗೆ ನಿಲ್ಲಿಸಿ, ಹ್ಯಾಂಡ್‌ವೀಲ್ ತಿರುಗಿಸಿ ಸೂಜಿ ಕೆಳಗಿಳಿಸಿ, ಆಮೇಲೇ ಫೂಟ್ ಎತ್ತಿ ಬಟ್ಟೆ ಸರಿಮಾಡಿ. ಮುಂದಿನಿಂದ ಎಳೆಯಬೇಡಿ.

ಸೂಜಿದಾರ, ದಾವಣಗೆರೆ:

ಇಬ್ಬರಿಗೂ ಧನ್ಯವಾದ. ಎಲ್ ತುಂಡಿನ ಅಂಚಿಗೆ ಕತ್ತರಿಯಲ್ಲಿ ಕಚ್ಚು ಕೊಡಬೇಕೇ? ಇಸ್ತ್ರಿ ಮಾಡುವಾಗ ಮಾರ್ಜಿನ್ ಯಾವ ಕಡೆ ಮಲಗಿಸಬೇಕು? ಮೊಳಕಾಲ್ಮೂರು ರೇಷ್ಮೆಯ ಚೂರುಗಳೂ ಇವೆ, ಕಾಲು ವೃತ್ತಕ್ಕೆ ಬಳಸಬಹುದೇ?

ಕಾಲಿಂಚು, ಚಿತ್ರದುರ್ಗ:

ಎಲ್ ತುಂಡಿನ ಕಡೆ ಮಲಗಿಸಿ. ಕಾಲು ವೃತ್ತದ ಮಾರ್ಜಿನ್ನಿನ ಹೊರ ಅಂಚು 6.68 ಇಂಚು ಇದೆಯಲ್ಲ, ಅದನ್ನು ಒಳಕ್ಕೆ ಮಡಿಸಿದರೆ 5.89 ಇಂಚಿನ ಜಾಗದಲ್ಲಿ ತುರುಕಿದ ಹಾಗಾಗಿ ಗುಡ್ಡೆ ಕಟ್ಟುತ್ತದೆ. ಹೊರಕ್ಕೆ ಮಲಗಿಸಿದರೆ ಅದು ತನ್ನ ಜಾಗದಲ್ಲೇ ಇರುತ್ತದೆ. ಎಲ್ ತುಂಡಿನ ಮಾರ್ಜಿನ್ ಸ್ವಲ್ಪ ಬಿಗಿಯಾಗುತ್ತದೆ, ಅದಕ್ಕೇ ಕಚ್ಚು. ಅರ್ಧ ಇಂಚಿಗೊಂದು, ಆಳ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಅದಕ್ಕಿಂತ ಆಳ ಹೋಗಬಾರದು. ಇಸ್ತ್ರಿ ಪೆಟ್ಟಿಗೆ ಎತ್ತಿ ಇಡಿ, ಉಜ್ಜಬೇಡಿ.

ತೋಳುಗುಣಿ, ದಾವಣಗೆರೆ:

ಮಲಗಿಸುವ ಕಡೆಯ ಬಗ್ಗೆ ಒಪ್ಪಿಗೆ ಇದೆ, ಕಚ್ಚಿನ ಬಗ್ಗೆ ಇಲ್ಲ. 4 ಇಂಚಿನ ತ್ರಿಜ್ಯಕ್ಕೆ ಕಚ್ಚು ಬೇಕಿಲ್ಲ, ಕ್ರಾಸಿನ ಹಿಗ್ಗೇ ಸಾಕು. ಕಚ್ಚು ಕೊಟ್ಟ ಅಂಚು ಹೊಲಿಯುವಾಗ ಹಲ್ಲು ಹಲ್ಲಾಗಿ ತೆರೆದುಕೊಂಡು ಹೊಲಿಗೆ ಗೆರೆಯೇ ತಪ್ಪುತ್ತದೆ, ದಿನಾ ಹೊದ್ದು ತೊಳೆಯುವ ಕ್ವಿಲ್ಟಿನಲ್ಲಿ ಬಟ್ಟೆ ಅಲ್ಲಿಂದಲೇ ಬಿಡುತ್ತದೆ. 2 ಇಂಚು ಅಥವಾ ಅದಕ್ಕಿಂತ ಚಿಕ್ಕ ತ್ರಿಜ್ಯವಾದರೆ ಕೊಡಿ.

ರೇಷ್ಮೆಗೆ ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸದೆ ಕತ್ತರಿ ಇಡಬೇಡಿ, ಅಂಚಿನ ಎಳೆ ಬಿಚ್ಚಿ ಕಾಲಿಂಚು ಉಳಿಯುವುದೇ ಇಲ್ಲ. ಜರಿ ಇರುವ ಭಾಗವನ್ನು ಕಮಾನಿಗೆ ತರಬೇಡಿ, ಅದು ಹಿಗ್ಗುವುದಿಲ್ಲ. ಇಸ್ತ್ರಿ ಹದ ಬಿಸಿಯಲ್ಲಿ, ಮೇಲೊಂದು ಕಾಟನ್ ಬಟ್ಟೆ ಹಾಕಿ.

ರೇಷ್ಮೆ ಬೆರೆಸುವುದಾದರೆ ಅಚ್ಚಿನ ನೇರ ಅಂಚುಗಳನ್ನು ಅರ್ಧ ಇಂಚು ದೊಡ್ಡದು ಮಾಡಿಕೊಂಡು, ಹೊಲಿದ ಮೇಲೆ ಆರೂವರೆಗೆ ಕತ್ತರಿಸುವುದು ಒಳ್ಳೆಯದು. ಆಗ ಕಾಲು ವೃತ್ತದ ಮೂಲೆಯಿಂದ ಅಳೆದು, ಎರಡೂ ಬದಿಯಲ್ಲಿ ಹೊಲಿಗೆ ಗೆರೆ ಸರಿಯಾಗಿ ನಾಲ್ಕೂ ಕಾಲು ಇಂಚಿಗೆ ಬರುವಂತೆ ಸ್ಕೇಲ್ ಇಡಿ. ಅದು ತಪ್ಪಿದರೆ ಪಕ್ಕದ ಬ್ಲಾಕಿನ ಕಮಾನು ಇದಕ್ಕೆ ಸೇರುವುದಿಲ್ಲ.