ಪದಚರ್ಚೆ: ‘ಪಿತ್ತಕೋಶ’ ಎಂದರೆ ಯಾವ ಅಂಗ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕೆಂದು ಕುಳಿತೆ. ಬರೆಯುತ್ತಾ ಹೋದಂತೆ ಅದರ ನೆಂಟರಿಷ್ಟರೂ ಬಂದು ಸೇರಿಕೊಂಡರು. ಆದರೂ ನನ್ನ ಮುಖ್ಯ ಪ್ರಶ್ನೆ ಒಂದೇ: ‘ಪಿತ್ತಕೋಶ’ ಎಂದು ಓದಿದೊಡನೆ ನಿಮ್ಮ ಮನಸ್ಸಿಗೆ ಬರುವುದು ಯಾವ ಅಂಗ? ದಯವಿಟ್ಟು ನಿಘಂಟು ತೆರೆಯುವ ಮುಂಚೆಯೇ ಉತ್ತರ ಬರೆದಿಟ್ಟುಕೊಂಡು, ಆಮೇಲೆ ಮುಂದೆ ಓದಿ.

ನಾನು ಬೆಂಗಳೂರಿನಲ್ಲಿ ವೈದ್ಯಕೀಯ ಸಂಶೋಧನೆಯ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಆಸ್ಪತ್ರೆಯೊಂದು ಹೊಸ ಔಷಧವನ್ನೋ ಹೊಸ ಶಸ್ತ್ರಚಿಕಿತ್ಸಾ ಕ್ರಮವನ್ನೋ ಪರೀಕ್ಷಿಸುವಾಗ, ಅದರಲ್ಲಿ ಸೇರುವ ರೋಗಿಗೆ ಏನು ಮಾಡುತ್ತೇವೆ, ಏನು ಅಪಾಯ, ಬೇಡವೆನಿಸಿದರೆ ಹೇಗೆ ಹೊರಬರಬಹುದು ಎಂಬುದನ್ನೆಲ್ಲ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೂ ಹೊಸ ಔಷಧಗಳ ಪರೀಕ್ಷೆಗೆಂದು 2019ರಲ್ಲಿ ಬಂದ ನಿಯಮಗಳೂ ಇದನ್ನೇ ಹೇಳುತ್ತವೆ. ನನ್ನ ಕನ್ನಡ ಸರಿಯಾಗಿದೆಯೇ ಎಂದು ನೋಡಲು ಮೂಲವನ್ನು ಕಾಣದ ಇನ್ನೊಬ್ಬ ಅನುವಾದಕರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಆಮೇಲೆ ಎರಡು ಇಂಗ್ಲಿಷ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಕಳೆದ ತಿಂಗಳು ಪಿತ್ತನಾಳದ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಒಂದು ಮಾಹಿತಿ ಪತ್ರ ಕೈಗೆ ಬಂತು. ‘ಪಿತ್ತಕೋಶವನ್ನು ತೆಗೆದು, ಪಿತ್ತನಾಳವನ್ನು ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ’ ಎಂದು ಬರೆದೆ. ಮರು ಅನುವಾದದಲ್ಲಿ ಅದು ‘ಲಿವರ್ ಅನ್ನು ತೆಗೆದು’ ಎಂದಾಗಿ ಬಂತು.

ಮರು ಅನುವಾದ ಮಾಡಿದವರು ಧಾರವಾಡದ ಕಡೆಯವರು, ಅನುಭವಿಗಳು. ದೂರವಾಣಿಯಲ್ಲಿ ಮಾತಾಡಿದೆ. ‘ನಮಗೆ ಪಿತ್ತಕೋಶ ಎಂದರೆ ಲಿವರೇ. ಹೆಪಟೈಟಿಸ್‌ಗೆ ಪಿತ್ತಕೋಶದ ಉರಿಯೂತ ಎಂದು ಓದಿಕೊಂಡೇ ಬೆಳೆದಿದ್ದೇವೆ’ ಎಂದರು. ಅವರ ಮಾತು ನಿಜ. ಪತ್ರಿಕೆಗಳನ್ನು ತೆರೆದು ನೋಡಿ: ಒಂದು ವರದಿಯಲ್ಲಿ ಪಿತ್ತಕೋಶದಲ್ಲಿ ಕಲ್ಲು, ಇನ್ನೊಂದರಲ್ಲಿ ಕುಡಿತದಿಂದ ಪಿತ್ತಕೋಶಕ್ಕೆ ಹಾನಿ. ಮೊದಲನೆಯದು ಪಿತ್ತರಸ ಶೇಖರವಾಗುವ ಚೀಲ. ಎರಡನೆಯದು ಆ ರಸವನ್ನು ತಯಾರಿಸುವ ದೊಡ್ಡ ಅಂಗ. ಪದ ಮಾತ್ರ ಒಂದೇ.

ಈ ಎರಡು ಅಂಗಗಳಿಗಿರುವ ಅಂತರ ಸಣ್ಣದಲ್ಲ. ಚೀಲ ನಮ್ಮ ಬೆರಳಿನಷ್ಟು ಉದ್ದ, ಅದರೊಳಗೆ ಹಿಡಿಯುವುದು 30ರಿಂದ 50 ಮಿಲಿಲೀಟರ್ ರಸ. ಅದನ್ನು ತೆಗೆದುಹಾಕಿದರೂ ಮನುಷ್ಯ ಸುಖವಾಗಿ ಬದುಕುತ್ತಾನೆ. ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತದೆ, ಅಷ್ಟೇ. ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯ 1882ರಲ್ಲಿಯೇ ಅದನ್ನು ತೆಗೆದು ತೋರಿಸಿದ್ದ. ಲಿವರ್ ಹಾಗಲ್ಲ. ಒಂದೂವರೆ ಕಿಲೋದಷ್ಟು ತೂಗುವ ಆ ಅಂಗ ಪೂರ್ತಿ ಹೋದರೆ ಬೇರೆಯವರದನ್ನು ಕಸಿ ಮಾಡದ ಹೊರತು ಬದುಕಿಲ್ಲ. ಒಪ್ಪಿಗೆ ಪತ್ರದ ಒಂದು ಪದ ಈ ಎರಡರ ನಡುವೆ ತೂಗಾಡಬಾರದು.

ಹಿಂದೊಮ್ಮೆ ಇಂಥದೇ ಇನ್ನೊಂದು ಪತ್ರವನ್ನು ಕನಕಪುರದ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಗಂಡನಿಗೆ ಓದಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೆ. ಅರ್ಧದಲ್ಲಿ ನಿಲ್ಲಿಸಿ, ‘ಪಿತ್ತಕೋಶವನ್ನೇ ತೆಗೆದರೆ ಇವರು ಉಳಿಯುವುದು ಹೇಗೆ ಸಾರ್?’ ಎಂದು ನನ್ನನ್ನು ಕೇಳಿದ್ದಳು. ಆಗ ಅದನ್ನು ಸಹಜವಾದ ಹೆದರಿಕೆ ಎಂದುಕೊಂಡು ಧೈರ್ಯ ಹೇಳಿ ಬಂದಿದ್ದೆ. ಅವಳು ಪದವನ್ನು ಅವಳ ಊರಿನಲ್ಲಿ ಇದ್ದ ಅರ್ಥದಲ್ಲಿಯೇ ಸರಿಯಾಗಿ ಓದಿಕೊಂಡಿದ್ದಳು ಎಂಬುದು ಈಗ ಹೊಳೆಯುತ್ತಿದೆ. ಅವಳ ಮುಖ ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ಗೊಂದಲದ ಬೇರು ‘ಕೋಶ’ದಲ್ಲಿದೆ ಎಂದು ನನ್ನ ಊಹೆ. ಮೂತ್ರಕೋಶದಲ್ಲಿ ಕೋಶ ಎಂದರೆ ತುಂಬಿಡುವ ಚೀಲ. ಶ್ವಾಸಕೋಶದಲ್ಲಿ ಅದು ಉಸಿರಾಟದ ಕೆಲಸವನ್ನೇ ಮಾಡುವ ಅಂಗ. ಗರ್ಭಕೋಶದಲ್ಲಿ ಎರಡೂ ಹೌದು. ಹೀಗಿರುವಾಗ ಪಿತ್ತಕೋಶವನ್ನು ಪಿತ್ತವನ್ನು ಇಡುವ ಜಾಗವೆಂದೂ ಓದಬಹುದು, ಪಿತ್ತದ ಅಂಗವೆಂದೂ ಓದಬಹುದು. ಮೂತ್ರದ ವಿಷಯದಲ್ಲಿ ಕನ್ನಡ ಜಾಣತನ ತೋರಿದೆ: ತಯಾರಿಸುವುದು ಮೂತ್ರಪಿಂಡ, ಹಿಡಿದಿಡುವುದು ಮೂತ್ರಕೋಶ. ಇಲ್ಲಿ ಯಾರಿಗೂ ಅನುಮಾನವಿಲ್ಲ. ಪಠ್ಯಪುಸ್ತಕಗಳು ಪಿತ್ತಕ್ಕೂ ಇದೇ ಜೋಡಿ ಕಟ್ಟಿದವು. ಪಿತ್ತವನ್ನು ಹುಟ್ಟಿಸುವುದರಿಂದ ಪಿತ್ತಜನಕಾಂಗ, ಕೂಡಿಡುವುದರಿಂದ ಪಿತ್ತಕೋಶ. ಆದರೆ ಆರಕ್ಷರದ ‘ಪಿತ್ತಜನಕಾಂಗ’ ನಾಲಿಗೆಗೆ ಭಾರ. ಬಾಯಿ ಹತ್ತಿರದ ಹಗುರವಾದ ಪದವನ್ನು ಹುಡುಕಿಕೊಂಡಿತು. ಜೊತೆಗೆ ಜೀವಕೋಶದ ಕೋಶವೂ ಇದೆ. ಆ ಚೀಲದ ಕ್ಯಾನ್ಸರಿನ ಬಗ್ಗೆ ಬರೆಯುವಾಗ ‘ಪಿತ್ತಕೋಶದ ಕೋಶಗಳು’ ಎಂಬ ವಾಕ್ಯ ಬಂದು ನಾನೇ ಪೆನ್ನು ಕೆಳಗಿಟ್ಟಿದ್ದೇನೆ.

‘ಯಕೃತ್ತು’ ಬಳಸಬಾರದೇ ಎನ್ನಬಹುದು. ಪದ ಖಚಿತ, ಗೊಂದಲವಿಲ್ಲ, ಹಳೆಯದು. ಹೆಪಟೈಟಿಸ್‌ನಲ್ಲಿರುವ ಗ್ರೀಕ್ ಪದಕ್ಕೂ ಸಂಸ್ಕೃತದ ಯಕೃತ್‌ಗೂ ಒಂದೇ ಮೂಲ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ನನಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕುಳಿತುಕೊಂಡರೆ ಆ ಪದ ಒಮ್ಮೆಯೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ಎಲ್ಲರೂ ಹೇಳುವುದು ಲಿವರ್. ‘ಲಿವರ್ ಊದಿಕೊಂಡಿದೆಯಂತೆ’, ‘ಲಿವರ್ ಕಸಿ ಮಾಡಿಸಬೇಕಂತೆ’. ಮಾವಿನ ಗಿಡಕ್ಕೆ ಕಟ್ಟುತ್ತಿದ್ದ ಕಸಿ ಎಷ್ಟು ಸಲೀಸಾಗಿ ಮನುಷ್ಯನ ಅಂಗಕ್ಕೆ ದಾಟಿಕೊಂಡಿತು ನೋಡಿ. ಯಾವ ಸಮಿತಿಯೂ ಹೀಗೆ ಪದ ಕೊಡಲಾರದು ಎನ್ನಿಸುತ್ತದೆ.

ಹಾಗಾಗಿ ಸದ್ಯಕ್ಕೆ ನಾನು ಮಾಡಿಕೊಂಡಿರುವ ತೀರ್ಮಾನ ಹೀಗಿದೆ. ಮೊದಲ ಸಲ ಬರುವಾಗ ‘ಲಿವರ್, ಅಂದರೆ ಯಕೃತ್ತು’ ಎಂದು ಬರೆದು ಆಮೇಲೆ ಉದ್ದಕ್ಕೂ ಲಿವರ್ ಎನ್ನುವುದು. ಸಣ್ಣ ಅಂಗಕ್ಕೆ ‘ಪಿತ್ತಚೀಲ’. ಪಿತ್ತಕೋಶ ಎಂಬ ಪದವನ್ನು ಎರಡಕ್ಕೂ ಬಳಸದೆ ಪೂರ್ತಿ ಬಿಟ್ಟುಬಿಡುವುದು. ಚೀಲ ಎಂದಾಗ ತುಂಬುವುದು, ಬರಿದಾಗುವುದು, ತೆಗೆದುಹಾಕುವುದು ಎಲ್ಲವೂ ತಾವಾಗಿ ಅರ್ಥವಾಗುತ್ತವೆ. ಇಂಥ ಪತ್ರಗಳನ್ನು ನೋಡಿ ಒಪ್ಪಿಗೆ ಕೊಡುವ ಆಸ್ಪತ್ರೆಯ ನೈತಿಕ ಸಮಿತಿಯ ಒಬ್ಬ ಸದಸ್ಯರು ಮಾತ್ರ ‘ಚೀಲ ಎನ್ನುವುದು ಸಂತೆಯ ಪದ, ಪತ್ರಕ್ಕೆ ಗಾಂಭೀರ್ಯ ಬೇಡವೇ?’ ಎಂದರು. ನಾನು ಒಪ್ಪಲಿಲ್ಲ. ಸಂತೆಗೆ ಹೋಗುವವರೇ ತಾನೇ ಆ ಪತ್ರ ಓದುವವರು.

ಪಿತ್ತ ಎಂಬ ಪದವೇ ಇನ್ನೊಂದು ತೊಡಕು. ನಮ್ಮ ಮನೆಗಳಲ್ಲಿ ತಲೆ ಸುತ್ತಿದರೆ ಪಿತ್ತ, ವಾಕರಿಕೆ ಬಂದರೆ ಪಿತ್ತ, ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು. ಆಯುರ್ವೇದದ ಪಿತ್ತ ಮೂರು ದೋಷಗಳಲ್ಲಿ ಒಂದು. ಶಸ್ತ್ರವೈದ್ಯರು ಹೇಳುವ ಪಿತ್ತ ಹಸಿರು ಹಳದಿ ಬಣ್ಣದ ರಸ. ‘ಪಿತ್ತ ಸರಿಯಾಗಿ ಹರಿಯುತ್ತಿಲ್ಲ’ ಎಂದರೆ ರೋಗಿ ಮನೆಗೆ ಹೋಗಿ ಜೀರಿಗೆ ಕಷಾಯ ಕುಡಿಯುತ್ತಾನೆ. ಪ್ರತಿ ಸಲವೂ ‘ಪಿತ್ತರಸ’ ಎಂದೇ ಬರೆಯುವುದು ಇದಕ್ಕೆ ಸಾಕಾದೀತು. ನಾಳದಲ್ಲಿ ಅಡ್ಡಿಯಾಗಿ ಬರುವ ಕಾಮಾಲೆಗೆ ‘ಪಿತ್ತರಸ ಕಟ್ಟಿಕೊಂಡು ಬರುವ ಕಾಮಾಲೆ’ ಎಂದು ಬರೆದಿದ್ದೇನೆ. ಮೂಗು ಕಟ್ಟುತ್ತದೆ, ಮೂತ್ರ ಕಟ್ಟುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ಪಿತ್ತರಸವೂ ಕಟ್ಟಿಕೊಳ್ಳಲಿ. ಪುಸ್ತಕದ ‘ಅವರೋಧಕ ಕಾಮಾಲೆ’ಗಿಂತ ಇದು ಬೇಗ ತಲುಪುತ್ತದೆ. ಆ ನಾಳಕ್ಕೆ ಹಾಕುವ ಸ್ಟೆಂಟಿಗೆ ಮಾತ್ರ ಒಂದು ವಾಕ್ಯ ಹೆಚ್ಚಿಗೆ ಬೇಕು. ಸ್ಟೆಂಟ್ ಎಂದರೆ ಹೃದಯಕ್ಕೆ ಎಂಬುದು ಎಲ್ಲರ ತಿಳಿವಳಿಕೆ. ‘ನನ್ನ ಹೃದಯವೂ ಕೆಟ್ಟಿದೆಯೇ?’ ಎಂದು ಕೇಳಿದವರಿದ್ದಾರೆ.

ಹೊಟ್ಟೆಯ ವಿಷಯದಲ್ಲಿ ನಾನು ಪೂರ್ತಿ ಸೋತಿದ್ದೇನೆ, ನಿಮ್ಮ ಸಹಾಯ ಬೇಕು. ಹೊಟ್ಟೆ ಎಂದರೆ ಹೊರಗಿನಿಂದ ಕಾಣುವ ಇಡೀ ಉದರವೂ ಹೌದು, ಒಳಗಿನ ಜಠರವೂ ಹೌದು. ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋತ್ 1881ರಲ್ಲಿ ಕ್ಯಾನ್ಸರ್ ತಗಲಿದ ಜಠರದ ಭಾಗವನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದರು. ಇಂದಿಗೂ ಆ ಶಸ್ತ್ರಚಿಕಿತ್ಸೆಗೆ ಅವರ ಹೆಸರಿದೆ. ಅದನ್ನು ‘ಹೊಟ್ಟೆಯ ಒಂದು ಭಾಗವನ್ನು ತೆಗೆಯಲಾಗುತ್ತದೆ’ ಎಂದು ಬರೆದರೆ ಓದಿದವರು ತಮ್ಮ ಹೊಟ್ಟೆಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಜಠರ ಎಂದರೆ ಅದು ಎಲ್ಲಿದೆ ಎಂದು ಕೇಳುತ್ತಾರೆ. ‘ಗ್ಯಾಸ್ಟ್ರಿಕ್ ಕ್ಯಾನ್ಸರ್’ ಎಂದು ಇಂಗ್ಲಿಷನ್ನೇ ಉಳಿಸಿದರೆ ಅದು ಎಲ್ಲಕ್ಕಿಂತ ಕೆಟ್ಟದು. ಬೆಂಗಳೂರಿನ ಮಾತಿನಲ್ಲಿ ಗ್ಯಾಸ್ಟ್ರಿಕ್ ಎಂದರೆ ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ. ವಾಯುವಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದವರು ತಿಳಿಯುತ್ತಾರೆ. ಜಠರದ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಎಂದು ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿ, 2005ರಲ್ಲಿ ನೊಬೆಲ್ ಪಡೆದರು. ಅಂಥ ಸಂಶೋಧನೆಯನ್ನು ವಿವರಿಸುವ ಪತ್ರದಲ್ಲಿ ಗ್ಯಾಸ್ಟ್ರಿಕ್ ಎಂದು ಬರೆದು ಜನರನ್ನು ಮತ್ತೆ ವಾಯುವಿನ ಕಡೆಗೆ ತಿರುಗಿಸುವುದು ನನ್ನಿಂದಾಗದು. ‘ಅನ್ನದ ಚೀಲ’ ಎಂದು ಒಬ್ಬರು ಸೂಚಿಸಿದ್ದಾರೆ. ಪಿತ್ತಚೀಲದ ಪಕ್ಕದಲ್ಲಿ ಇನ್ನೊಂದು ಚೀಲ ಬಂದರೆ ಗೊಂದಲವಾದೀತೇ?

ಬಣ್ಣದ ಪದವೊಂದು ಉಳಿದಿದೆ, ಅದನ್ನು ಬಿಡಲಾರೆ. ಕೆಲವು ಹಸುಗೂಸುಗಳಲ್ಲಿ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಜಪಾನಿನ ಮೊರಿಯೊ ಕಸಾಯಿ 1950ರ ದಶಕದಲ್ಲಿ ಇದಕ್ಕೊಂದು ಶಸ್ತ್ರಚಿಕಿತ್ಸೆ ಕಂಡುಹಿಡಿದರು. ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ತಾಯಿ ಗುರುತಿಸಬೇಕಾದದ್ದು ಕಾಮಾಲೆ ಇಳಿಯದಿರುವುದನ್ನು ಮತ್ತು ಮಲದ ಬಣ್ಣವನ್ನು. ಇಂಗ್ಲಿಷ್ ಮೂಲದಲ್ಲಿ ಅದು ಮಣ್ಣಿನ ಬಣ್ಣ. ಹಳೆಯ ಅನುವಾದದಲ್ಲಿ ಹಾಗೆಯೇ ‘ಜೇಡಿಮಣ್ಣಿನ ಬಣ್ಣ’ ಎಂದಿತ್ತು. ಕೋಲಾರದ ತಾಯಿಗೆ ಮಣ್ಣು ಕೆಂಪು, ಗದಗಿನ ತಾಯಿಗೆ ಕಪ್ಪು! ಹೇಳಬೇಕಾದದ್ದು ಬಿಳಿಚಿಕೊಂಡ ಮಲ. ‘ಸುಣ್ಣ ಕಲಸಿದಂತೆ ಬಿಳಿಚಾದ ಮಲ’ ಎಂದು ತಿದ್ದಿದ್ದೇನೆ. ಇದಕ್ಕಿಂತ ಒಳ್ಳೆಯ ಹೋಲಿಕೆ ನಿಮ್ಮ ಮನೆಯ ಹಿರಿಯ ಹೆಂಗಸರ ಬಾಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.

ಫ್ಯಾಟಿ ಲಿವರ್‌ಗೆ ‘ಕೊಬ್ಬಿದ ಲಿವರ್’ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕು ಕೂಡ. ಇಂಗ್ಲಿಷಿನಲ್ಲಿಯೇ 2023ರಲ್ಲಿ ತಜ್ಞರು ಆ ರೋಗದ ಹೆಸರು ಬದಲಿಸಿ, ರೋಗಿಗೆ ನೋವಾಗುವ ಪದವನ್ನು ಕೈಬಿಟ್ಟಿದ್ದಾರೆ. ‘ಲಿವರಿನಲ್ಲಿ ಕೊಬ್ಬಿನಂಶ ಸೇರಿಕೊಳ್ಳುವುದು’ ಎಂದರೆ ಸಾಕು, ಉದ್ದವಾದರೂ ಚಿಂತೆಯಿಲ್ಲ.

ಕೊನೆಯದಾಗಿ ‘ಈಲಿ’. ಮಂಡ್ಯದ ಕಡೆಯ ಹಿರಿಯರೊಬ್ಬರು ಕುರಿಯ ಲಿವರಿಗೆ ಈಲಿ ಎನ್ನುವುದನ್ನು ಕೇಳಿದ್ದೇನೆ. ತಮಿಳಿನಲ್ಲಿ ಲಿವರಿಗೆ ಕಲ್ಲೀರಲ್, ಗುಲ್ಮಕ್ಕೆ (ಸ್ಪ್ಲೀನ್) ಮಣ್ಣೀರಲ್, ಶ್ವಾಸಕೋಶಕ್ಕೆ ನುರೈಯೀರಲ್ ಎಂದು ಆ ಬೇರಿನಿಂದಲೇ ಮೂರು ಪದಗಳು ಬಳಕೆಯಲ್ಲಿವೆ. ನಮ್ಮಲ್ಲಿ ಅದು ಮಾಂಸದ ಅಂಗಡಿಯಲ್ಲಿಯೂ ಲಿವರ್, ಕಲೀಜಗಳಿಗೆ ಜಾಗ ಬಿಟ್ಟುಕೊಡುತ್ತಿದೆ. ಮನುಷ್ಯರ ಅಂಗಕ್ಕೆ ಈಲಿ ಎನ್ನುವುದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಊರಿನಲ್ಲಿ, ಎಷ್ಟು ವಯಸ್ಸಿನವರ ಬಾಯಲ್ಲಿ ಎಂಬುದನ್ನೂ ಬರೆಯಿರಿ.

ತಿದ್ದಿದ ಪತ್ರವನ್ನು ಮುಂದಿನ ಸೋಮವಾರ ನೈತಿಕ ಸಮಿತಿಗೆ ಒಪ್ಪಿಸಬೇಕಾಗಿದೆ. ಉಳಿದವಕ್ಕೆ ನಿಧಾನವಾಗಿ ಬರೆದರೂ ಸರಿ. ಮೊದಲ ಪ್ರಶ್ನೆಗೆ ನೀವು ಬರೆದಿಟ್ಟುಕೊಂಡ ಉತ್ತರವನ್ನು, ನಿಮ್ಮ ಜಿಲ್ಲೆಯ ಹೆಸರಿನೊಂದಿಗೆ, ಶನಿವಾರದೊಳಗೆ ಕಳುಹಿಸಿಕೊಡಿ.