ತಂಡ ಸೋಲುತ್ತಲೇ ಇದ್ದರೆ ಮ್ಯಾಚ್‌ಗೆ ಹೋಗೋದಾ, ಬಿಡೋದಾ?

ಕೇಳಿದ್ದು: ತಮ್ಮನ ಜೊತೆ ಕಂಠೀರವಕ್ಕೆ ಹೋಗಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಮ್ಯಾಚ್ ನೋಡುತ್ತೇನೆ. ಒಂದು ಗೋಲೂ ಹೊಡೆಯದೆ ಸೋತಾಗ ತಲೆ ಕೆಟ್ಟುಹೋಗುತ್ತದೆ. ಕೋಚ್‌ನ ತೆಗೀರಿ ಅಂತ ಕೂಗಿದರೆ ಉಪಯೋಗ ಇದೆಯಾ? ಹಳಬರು ಹೇಗೆ ತಡೆದುಕೊಂಡಿರಿ?

ಜಯನಗರದಿಂದ ಒಬ್ಬರು: 2023-24ರ ಸೀಸನ್ ಪೂರ್ತಿ ನೋಡಿದವನು ನಾನು. ಅದರ ಹಿಂದಿನ ಸೀಸನ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಕೈಕೆಳಗೆ ಡುರಾಂಡ್ ಕಪ್ ಗೆದ್ದಿದ್ದೆವು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಸೋತಿದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಆಮೇಲೆ ನೋಡಿ, 2023ರ ಡಿಸೆಂಬರ್‌ನಲ್ಲಿ ಮುಂಬೈ ಸಿಟಿಯವರು ನಮ್ಮ ಮೈದಾನಕ್ಕೇ ಬಂದು 4-0 ಹೊಡೆದು ಹೋದರು. ಅದರ ಬೆನ್ನಿಗೇ ಗ್ರೇಸನ್ ಹೊರಗೆ. ಅವರ ಜಾಗಕ್ಕೆ ಜೆರಾರ್ಡ್ ಜರಗೋಜಾ ಬಂದರು. ಆದರೂ 12 ತಂಡಗಳಲ್ಲಿ 10ನೇ ಸ್ಥಾನ!

ಕೋಚ್ ಬದಲಾದ, ಅಟ್ಯಾಕ್ ಬದಲಾಗಲಿಲ್ಲ. ನಮ್ಮ ಸ್ಟ್ರೈಕರ್ ಆಗಿದ್ದ ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋಗಿ ಅಲ್ಲಿ ಗೋಲು ಹೊಡೆಯುತ್ತಾ ಇದ್ದರು. ಇಲ್ಲಿ ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿ ಬಾಲ್ ತಗೊಂಡರೆ ಹತ್ತಿರ ನಮ್ಮವರು ಒಬ್ಬರೂ ಇರುತ್ತಿರಲಿಲ್ಲ. ವಾಪಸ್ ಪಾಸ್, ಆಮೇಲೆ ವಿಂಗ್‌ಗೆ, ಅಲ್ಲಿಂದ ಒಂದು ಕ್ರಾಸ್, ಎದುರಾಳಿ ಡಿಫೆಂಡರ್ ತಲೆಯಿಂದ ಹೊರಗೆ. ತೊಂಬತ್ತು ನಿಮಿಷವೂ ಇದೇ ಪಾಡು. ಮುಂದಿನ ಬಾರಿ ಬಾಲ್ ಮೇಲಿನ ಕಣ್ಣು ತೆಗೆದು, ಮಿಡ್‌ಫೀಲ್ಡರ್‌ಗಳು ಎಲ್ಲಿ ಓಡುತ್ತಾರೆ ಅಂತ ನೋಡಿ. ಸಿಟ್ಟು ಕಮ್ಮಿ ಆಗುವುದಿಲ್ಲ, ಯಾರ ಮೇಲೆ ಸಿಟ್ಟಾಗಬೇಕು ಅಂತಾದರೂ ಗೊತ್ತಾಗುತ್ತದೆ.

ಮುಂದಿನ ಸೀಸನ್‌ಗೆ ಅದೇ ಜರಗೋಜಾಗೆ ಅಟ್ಯಾಕ್‌ಗೆ ನೊಗುಯೆರಾ, ಪೆರೇರಾ ಡಿಯಾಜ್ ಸಿಕ್ಕರು. ನಲವತ್ತರ ಛೆಟ್ರಿ 14 ಗೋಲು ಹೊಡೆದರು. ತಂಡ ಫೈನಲ್‌ಗೆ ಹೋಯಿತು. (ಸೋತೆವು, ಅದು ಬಿಡಿ.)

ವಿಜಯನಗರದಿಂದ: ಸುಮ್ನೆ ಕೂತರೆ ಮ್ಯಾನೇಜ್‌ಮೆಂಟ್‌ಗೆ ಬಿಸಿ ಮುಟ್ಟುವುದು ಹೇಗೆ ಸಾರ್? ಕೂಗಲೇಬೇಕು. ಆದರೆ ಕೋಚ್ ಹೆಸರು ಹಿಡಿದು ಕೂಗಿ ಏನೂ ಪ್ರಯೋಜನ ಇಲ್ಲ ಅನ್ನುವುದನ್ನು ಒಪ್ಪುತ್ತೇನೆ. 2019ರಲ್ಲಿ ಐಎಸ್‌ಎಲ್ ಟ್ರೋಫಿ ತಂದುಕೊಟ್ಟ ಕೋಚ್ ಕ್ವಾದ್ರಾತ್ ಅವರನ್ನೇ 2021ರ ಜನವರಿಯಲ್ಲಿ ಕಳಿಸಿದರು. ಆಮೇಲೂ 7ನೇ ಸ್ಥಾನವೇ. ಆಟಗಾರರನ್ನು ತರುವವರನ್ನು ಕೇಳಿ, ಅವರು ಮೈದಾನದ ಬದಿ ಕೋಚ್ ಕೂರುವ ಡಗ್‌ಔಟ್‌ನಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು, ಆಟಗಾರರ ಮನೆಯವರನ್ನು ಬೈಯುವವರ ಪಕ್ಕ ನಿಲ್ಲಬೇಡಿ. ತಮ್ಮ ಬೇರೆ ಜೊತೆಗಿದ್ದಾನೆ ಅಂತೀರಿ.

ಮೈಸೂರಿನಿಂದ: ನಾನು ಇಲ್ಲಿಂದ ರೈಲು ಹತ್ತಿ ಬರುವವಳು, ಸೋತರೆ ವಾಪಸ್ ದಾರಿ ಬಹಳ ಉದ್ದ. ಆ ರಾತ್ರಿ ಹೈಲೈಟ್ಸ್ ಮುಟ್ಟುವುದಿಲ್ಲ, ವಾಟ್ಸಾಪ್ ಗ್ರೂಪ್ ಮ್ಯೂಟ್. ಸೀಸನ್ ಟಿಕೆಟ್ ಬೇಡ ಅಣ್ಣ, ಮ್ಯಾಚ್ ನೋಡಿಕೊಂಡು ಒಂದೊಂದೇ ತಗೊಳ್ಳಿ. ಕೇರಳ ಬ್ಲಾಸ್ಟರ್ಸ್ ಬರುವ ದಿನ ಮಾತ್ರ ಬೇಗ ಬುಕ್ ಮಾಡಿ. ಅವತ್ತು ಅವರ ಅಭಿಮಾನಿಗಳಿಂದ ಸ್ಟೇಡಿಯಂ ಅರ್ಧ ಹಳದಿ ಆಗಿರುತ್ತದೆ, ನಮ್ಮವರು ಹೇಗೇ ಆಡಲಿ, ನಮ್ಮ ನೀಲಿ ಕಡೆ ಜನ ಜಾಸ್ತಿ ಬೇಕು ಅಲ್ವಾ?